ವಿಭೂತಿವೀಳ್ಯ: ಅಂತ್ಯಕಾಲದ ಸನ್ನಿಧಿ

ಚಳ್ಳಕೆರೆ ತಾಲ್ಲೂಕಿನ ಕುದಾಪುರವು ನಾಯಕನಹಟ್ಟಿಯ ಸಮೀಪದ ಗ್ರಾಮ. ಹೊರಗಿನವರಿಗೆ ಅದು ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣದಿಂದ ಪರಿಚಿತ; ಆ ಸೀಮೆಯ ಭಕ್ತರಿಗಾದರೋ ಹಟ್ಟಿ ತಿಪ್ಪೇರುದ್ರಸ್ವಾಮಿಗಳ ಹೊರಮಠವೇ ದಿಕ್ಕು. ಜೀವಸಮಾಧಿ ಹೊಂದಿದ ಮಹಾಪುರುಷರ ನೆರಳಿನಲ್ಲಿ ಬಾಳುವ ಜನ ಮರಣದ ಮಾತಿಗೆ ಅಂಜಲಾರರೆಂದು ನಾವು ಭಾವಿಸಿದ್ದೆವು.

ಕೆಲವು ವರ್ಷಗಳ ಹಿಂದೆ ಅಲ್ಲಿನ ಒಂದು ಮನೆಗೆ ಹೋದಾಗ ಆ ಭಾವನೆ ಕಳಚಿತು. ಇನ್ನು ಚಿಕಿತ್ಸೆಯಿಲ್ಲವೆಂದು ದೂರದ ಆಸ್ಪತ್ರೆಯಿಂದ ಹಿರಿಯರೊಬ್ಬರನ್ನು ಮನೆಗೆ ಕರೆತಂದಿದ್ದರು. ಮಕ್ಕಳು ಅಂಗಳದಲ್ಲಿಯೇ ನಮ್ಮನ್ನು ತಡೆದು, "ತಾವು ಒಳಗೆ ಬಂದರೆ ಅಪ್ಪನಿಗೆ ಎಲ್ಲ ಗೊತ್ತಾಗಿಬಿಡುತ್ತದೆ, ಬುದ್ಧೀ" ಎಂದರು. ನಾವು ಹಿಂದಿರುಗಿದೆವು. ಮೂರನೆಯ ದಿನ ಕರೆ ಬಂದಿತು. ಆಗ ಉಳಿದಿದ್ದುದು ಸಮಾಧಿಯ ಕಾರ್ಯ ಮಾತ್ರ.

ಪೂರ್ವದಲ್ಲಿ ಜಂಗಮನನ್ನು ಕರೆಯುತ್ತಿದ್ದುದು ಉಸಿರು ನಿಂತ ಬಳಿಕವಲ್ಲ, ಅದಕ್ಕೆ ಮುನ್ನ. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ವಿಭೂತಿಧಾರಣೆ ಅಥವಾ ವಿಭೂತಿವೀಳ್ಯವೆಂಬ ಕ್ರಿಯೆಯ ವರ್ಣನೆಯಿದೆ. ಅಂತ್ಯ ಸಮೀಪಿಸಿದವನಿಗೆ ಸ್ನಾನ ಮಾಡಿಸಿ, ಜಂಗಮನ ಪಾದೋದಕವನ್ನು ನೀಡುತ್ತಿದ್ದರು. ಅನಂತರ ಆತನ ಕೈಯಿಂದಲೇ ಜಂಗಮನಿಗೆ ವಸ್ತ್ರ, ವಿಭೂತಿ, ರುದ್ರಾಕ್ಷಿ, ದಕ್ಷಿಣೆ, ತಾಂಬೂಲಗಳನ್ನು ಕೊಡಿಸುತ್ತಿದ್ದರು. ಬಂಧುಮಿತ್ರರು ಜಂಗಮರೊಡನೆ ಅಲ್ಲಿಯೇ ಪ್ರಸಾದ ಸ್ವೀಕರಿಸುತ್ತಿದ್ದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ಕ್ರಿಯೆಯಲ್ಲಿ ಕೊಡುವವನು ಸಾಯುತ್ತಿರುವವನೇ. ಎಲ್ಲರ ಕರುಣೆಗೆ ಪಾತ್ರನಾಗಿ ಸುಮ್ಮನೆ ಬಿದ್ದಿರುವವನಲ್ಲ ಆತ. ತನ್ನ ಮನೆಯ ಕೊನೆಯ ದಾಸೋಹಕ್ಕೆ ತಾನೇ ಯಜಮಾನ. ಕೊಡಬೇಕಾದರೆ ತನ್ನ ಸ್ಥಿತಿ ಆತನಿಗೆ ತಿಳಿದಿರಲೇಬೇಕು.

ಕ್ರಿಯೆಯ ವೇಳೆಗೆ ರೋಗಿ ಜೀವದಿಂದಿರುವನೋ ಇಲ್ಲವೋ ಎಂಬುದನ್ನು ಜನ ಅಷ್ಟಾಗಿ ಗಣಿಸುತ್ತಿರಲಿಲ್ಲವೆಂದೂ ಅದೇ ಗ್ರಂಥ ಹೇಳುತ್ತದೆ. ಶೈಥಿಲ್ಯವು ಆಗಲೇ ತಲೆದೋರಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕ್ರಿಯೆಯಾದ ಮೇಲೂ ಬದುಕುಳಿದವನು ಕಾಡು ಸೇರಬೇಕೆಂಬ ಮಾತೂ ಇದ್ದಿತಂತೆ. ಯಾರೂ ಅದನ್ನು ಪಾಲಿಸುತ್ತಿರಲಿಲ್ಲವೆಂಬುದು ಸಮಾಧಾನ! ಆದರೂ ಸ್ವಾಮಿ ಹೊಸ್ತಿಲು ತುಳಿದರೆ ಸಾವು ತುಳಿದಂತೆಂಬ ಅಂಜಿಕೆಯ ಬೇರು ಇಂತಹ ಮಾತುಗಳಲ್ಲಿಯೇ ಇರಬೇಕೆಂದು ನಮಗೆ ತೋರುತ್ತದೆ.

ಕುದಾಪುರದ ಆ ಹಿರಿಯರ ಹಾಸಿಗೆಯನ್ನು ಸುತ್ತುವಾಗ ದಿಂಬಿನ ಕೆಳಗೆ ಒಂದು ವಸ್ತ್ರದ ಗಂಟು ಸಿಕ್ಕಿತು. ಒಂದು ವಿಭೂತಿ ಗಟ್ಟಿ, ಎರಡು ಅಡಕೆ, ಹನ್ನೊಂದು ರೂಪಾಯಿ. ಅವರಿಗೆ ಎಲ್ಲವೂ ಗೊತ್ತಿದ್ದಿತು. ಅಂಗಳದಿಂದ ನಾವು ಹಿಂದಿರುಗಿದುದು ತಪ್ಪು; ಅದನ್ನು ಮಕ್ಕಳ ಮೇಲೆ ಹೊರಿಸಲಾರೆವು.

ಪಾಶ್ಚಾತ್ಯ ದೇಶಗಳಲ್ಲಿ ಈಚೆಗೆ ಸಾಯುವವರ ಬಳಿಯಿದ್ದು ಅವರಿಗೂ ಮನೆಯವರಿಗೂ ನೆರವಾಗುವವರನ್ನು 'ಡೂಲಾ' ಎನ್ನುತ್ತಾರೆ. ದಾಸಿಯೆಂಬ ಅರ್ಥದ ಗ್ರೀಕ್ ಪದವದು. ದಾಸೋಹವನ್ನು ಬಲ್ಲ ನಮಗೆ ಆ ಹೆಸರು ದೂರದ್ದೆನಿಸಬಾರದು. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಇಂತಹವರಿಗಾಗಿಯೇ ಆರೈಕೆಯ ಮಂದಿರವನ್ನು ತೆರೆದರು. ನಮ್ಮ ನಾಡಿನಲ್ಲಿ 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ 'ಕರುಣಾಶ್ರಯ'ವು ಗುಣವಾಗದ ಕ್ಯಾನ್ಸರ್ ರೋಗಿಗಳ ಸೇವೆಯನ್ನು ಹಣ ಪಡೆಯದೆ ನಡೆಸುತ್ತ ಬಂದಿದೆ. ಆದರೆ ಕುದಾಪುರದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್.

ಸಾಯುವವನ ಮಾತಿಗೆ ಈಗ ಕಾನೂನಿನ ಆಸರೆಯೂ ದೊರೆತಿದೆ. ಬದುಕುವ ಆಸೆಯಿಲ್ಲದಾಗ ಯಾವ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚಿಯಲ್ಲಿ ತೀರ್ಪಿತ್ತಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವಿದ್ದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು.

ಕ್ರಿಯಾವಿಧಿಯನ್ನು ಕಲಿಯುವ ನಮ್ಮ ವಟುಗಳಿಗೆ ಸಮಾಧಿಯ ಅಳತೆಯನ್ನು ಹೇಳಿಕೊಡುವುದಕ್ಕೆ ಮುನ್ನ, ರೋಗಿಯ ಹಾಸಿಗೆಯ ಬದಿಯಲ್ಲಿ ಒಂದು ರಾತ್ರಿ ಕುಳಿತುಬರುವಂತೆ ಈಗ ಕಳುಹಿಸುತ್ತೇವೆ. ಬಾಯಿ ಒಣಗಿದಾಗ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ತುಟಿ ಒರೆಸುವುದು, ಇಷ್ಟಲಿಂಗವನ್ನು ಅಂಗೈಗೆ ಕೊಡುವುದು, ಕೇಳಿದರೆ ಮಾತ್ರ ಮಾತನಾಡುವುದು. ಮೊದಲ ಸಲ ಹೋದ ಹುಡುಗರು ಅಂಜಿ ಅಂಗಳದಲ್ಲಿಯೇ ನಿಲ್ಲುವುದುಂಟು.