ಗಡಿಕಲ್ಲು ಮತ್ತು ಊರಿನ ಸಾಕ್ಷಿ

ಒಂದು ಗದ್ದೆ ಯಾರದೆಂಬ ಪ್ರಶ್ನೆಗೆ ಉತ್ತರ ಎಲ್ಲಿದೆ ಎಂದು ಕೇಳಿದರೆ, ತಾಲೂಕು ಕಚೇರಿಯ ಪಹಣಿಯಲ್ಲಿ ಎಂದು ನೀವು ಥಟ್ಟನೆ ಹೇಳಬಹುದು. ಕರಾವಳಿಯ ಮಟ್ಟಿಗೆ ಈ ಉತ್ತರಕ್ಕೆ ಇನ್ನೂ ಹೆಚ್ಚು ವಯಸ್ಸಾಗಿಲ್ಲ. ಅದಕ್ಕೆ ಮೊದಲು ಶತಮಾನಗಳ ಕಾಲ ಉತ್ತರವಿದ್ದುದು ಊರಿನವರ ಬಾಯಲ್ಲಿ. ಆ ಬಾಯಿಮಾತು ಯಾರದು, ಅದನ್ನು ಯಾರು ಕೇಳಿದರು, ಯಾರ ಮಾತನ್ನು ಕೇಳಲಿಲ್ಲ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕಾಪು ದಾಟಿ ಪಡುಬಿದ್ರಿ ಸಿಗುವ ಮುನ್ನ ಉಚ್ಚಿಲ ಬರುತ್ತದೆ. ಪಡುವಣಕ್ಕೆ ಮೊಗವೀರರ ಮನೆಗಳು, ಮಹಾಲಕ್ಷ್ಮಿ ದೇವಸ್ಥಾನ, ಆಚೆ ಕಡಲು. ಮೂಡಣಕ್ಕೆ ಗದ್ದೆ ಬಯಲು. 1974ರಲ್ಲಿ ಇದು ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿ ತಾಲೂಕಿನ ಊರು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು, 2018ರಲ್ಲಿ ಕಾಪು ತಾಲೂಕಾಯಿತು. ಕಚೇರಿ ಬದಲಾದರೂ ಗದ್ದೆ ಅಲ್ಲೇ ಇತ್ತು. ಈ ಕಡೆಯ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ಗುರುತಿಸುತ್ತಾರೆ. ತಗ್ಗಿನ ಬೈಲಿಗೆ ನೀರು ನಿಲ್ಲುವುದರಿಂದ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯವರೆಗೂ ಆಗುತ್ತದೆ. ಬೆಟ್ಟಿಗೆ ಮಳೆಗಾಲದ ಒಂದೇ ಬೆಳೆ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯಬೇಕು, ಇಳಿಯುವ ದಾರಿ ಇನ್ನೊಬ್ಬನ ಪುಣಿಯ ಮೇಲಿರುತ್ತದೆ. ಎರಡು ಬೆರಳಗಲ ಪುಣಿ ಕೆತ್ತಿದರೆ ಸಾಕು, ಎರಡು ತಲೆಮಾರಿಗೆ ಸಾಲುವಷ್ಟು ತಕರಾರು! ಕೋಟಿ-ಚೆನ್ನಯರ ಪಾಡ್ದನದಲ್ಲಿ ಬುದ್ಯಂತನೊಡನೆ ಎದ್ದ ಹಗೆಯ ಬೇರು ಒಂದು ಗದ್ದೆಯಲ್ಲೇ ಇತ್ತೆಂಬುದನ್ನು ತುಳುನಾಡಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ.

ಇಂಥ ತಕರಾರನ್ನು ಊರು ಹೇಗೆ ತೀರಿಸುತ್ತಿತ್ತು? ಬಾರಕೂರು, ಬಸರೂರುಗಳ ಶಾಸನಗಳನ್ನು ಓದಿದವರಿಗೆ ‘ಹಲರು’, ‘ನಾಡವರು’ ಎಂಬ ಮಾತುಗಳು ಪರಿಚಿತ. ಭೂಮಿಯನ್ನು ದಾನ ಕೊಟ್ಟಾಗ ಮೂಡಲು ಇಂಥ ತೋಡು, ತೆಂಕಲು ಇಂಥವರ ಗದ್ದೆ ಎಂದು ನಾಲ್ಕೂ ದಿಕ್ಕಿನ ಗಡಿಯನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಗಮನಿಸಿ, ಅಲ್ಲಿ ಅಳತೆಗಿಂತ ನೆರೆಯೇ ಮುಖ್ಯ. ನಿನ್ನ ಭೂಮಿ ಎಷ್ಟು ಎನ್ನುವುದಕ್ಕಿಂತ ನಿನ್ನ ನೆರೆಕರೆಯವರು ಯಾರು ಎಂಬುದೇ ಭೂಮಿಯ ಗುರುತು.

ಆಮೇಲಿನ ಕಾಲದ ಹಳ್ಳಿಗಳಲ್ಲಿ ಗುತ್ತು, ಬೀಡು, ಬರ್ಕೆಗಳ ಯಜಮಾನರು ಈ ಕೆಲಸವನ್ನು ವಹಿಸಿಕೊಂಡರು. ಮೊಗವೀರ ಪಟ್ನಗಳಲ್ಲಿ ಗುರಿಕಾರರು ಸಭೆ ಸೇರಿಸುತ್ತಿದ್ದರು. ಮನುಷ್ಯರ ಮಾತಿನಲ್ಲಿ ಮುಗಿಯದ ವ್ಯಾಜ್ಯ ದೈವದ ಮುಂದೆ ಹೋಗುತ್ತಿತ್ತು. ನೇಮದ ದಿನ ಎರಡೂ ಕಡೆಯವರು ಊರಿನ ಎದುರಿನಲ್ಲೇ ದೈವಕ್ಕೆ ಅರಿಕೆ ಮಾಡಿಕೊಳ್ಳುವುದು, ದೈವ ನುಡಿ ಕೊಡುವುದು ಇಂದಿಗೂ ನಿಂತಿಲ್ಲ. ತಕರಾರಿನ ಜಾಗಕ್ಕೆ ಆಣೆ ಹಾಕಿ ಕೆಲಸ ನಿಲ್ಲಿಸುವುದು, ಆಣೆ ಬಿಡಿಸಿಕೊಳ್ಳಲು ಧರ್ಮಸ್ಥಳಕ್ಕೆ ಹೋಗುವುದು, ಅಲ್ಲಿ ಹೆಗ್ಗಡೆಯವರ ಮುಂದೆ ‘ಹೊಯ್ಲು’ ಹೇಳಿಕೊಳ್ಳುವುದೂ ನಿಮಗೆ ಗೊತ್ತಿರುವುದೇ. ಸುಳ್ಳು ಹೇಳಿದವನಿಗೆ ಇಲ್ಲಿ ಜೈಲಿಲ್ಲ. ಆದರೆ ಊರಿಡೀ ಕೇಳುವಂತೆ, ದೈವದ ಮುಂದೆ, ಮನೆಮಂದಿಯ ಮೇಲೆ ಹೊಣೆ ಹೊತ್ತು ಹೇಳಬೇಕು. ಕೋರ್ಟಿನ ಕಟಕಟೆಗಿಂತ ಇದು ಹಗುರವೇನೂ ಅಲ್ಲ.

ಆದರೆ ಇದೇ ನೇಮದ ಕಳದಲ್ಲಿ ಇನ್ನೊಂದು ಸಂಗತಿಯನ್ನೂ ನೀವು ಕಂಡಿರಬಹುದು. ದೈವ ಬೂಳ್ಯ ಕೊಡುವುದು ಮನೆತನದ ಕ್ರಮ ಹಿಡಿದು. ಯಾರ ಮನೆಗೆ ಮೊದಲು, ಯಾರದಕ್ಕೆ ಬಳಿಕ, ಯಾರು ಕಳದ ಹೊರಗೆ ನಿಲ್ಲಬೇಕು ಎಂಬುದೆಲ್ಲ ನಿಶ್ಚಿತ. ಆ ಸಾಲು ಒಂದು ಲೆಕ್ಕದಲ್ಲಿ ಊರಿನ ಭೂಮಿಯ ಲೆಕ್ಕವೂ ಹೌದು. ತೀರ್ಪು ಹೇಳುವ ಯಜಮಾನನೇ ಗದ್ದೆಯ ಧನಿಯೂ ಆಗಿದ್ದಾಗ ಒಕ್ಕಲಿನವನ ದೂರು ಎಲ್ಲಿಗೆ ಹೋಗಬೇಕು? ನೆರೆಯವರಿಬ್ಬರ ಜಗಳವನ್ನು ಊರು ಚೆನ್ನಾಗಿಯೇ ತೀರಿಸುತ್ತಿತ್ತು. ಧನಿಗೂ ಒಕ್ಕಲಿಗೂ ಜಗಳವಾದಾಗ ಊರು ಎಂದರೆ ಧನಿಯೇ.

ಬ್ರಿಟಿಷರು ಬಂದ ಮೇಲೆ ಕಾಗದದ ಕಾಲ ಮೊದಲಾಯಿತು. 1799ರಲ್ಲಿ ಕೆನರಾಕ್ಕೆ ಬಂದ ಥಾಮಸ್ ಮನ್ರೋ ಇಲ್ಲಿ ಭೂಮಿಯ ಖಾಸಗಿ ಒಡೆತನ ಬಹಳ ಹಳೆಯದೆಂದು ಕಂಡುಕೊಂಡ. ಭೂಮಿ ‘ವರ್ಗ’ಗಳ ಲೆಕ್ಕದಲ್ಲಿತ್ತು, ಸರಕಾರಕ್ಕೆ ತೀರ್ವೆ ಕಟ್ಟುವವನು ವರ್ಗದಾರ. ಕಂಪೆನಿಯ ತೀರ್ವೆ ಭಾರವಾದಾಗ ರೈತರು ಒಟ್ಟಾದುದಕ್ಕೆ ಜಿಲ್ಲೆಯ ಚರಿತ್ರೆಯಲ್ಲಿ ‘ಕೂಟ ದಂಗೆ’ ಎಂಬ ಹೆಸರಿದೆ. 1830–31ರಲ್ಲಿ ಊರೂರಿನ ರೈತರು ದೇವಸ್ಥಾನಗಳ ಅಂಗಳದಲ್ಲಿ ಕೂಟ ಸೇರಿ ತೀರ್ವೆ ಕಟ್ಟುವುದಿಲ್ಲವೆಂದು ಕುಳಿತರು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನ ಇದರ ದೊಡ್ಡ ಕೇಂದ್ರ. ಕತ್ತಿ ಕೋವಿ ಹಿಡಿದ ದಂಗೆ ಅದಲ್ಲ, ಪಂಚಾತಿಕೆಯ ರೀತಿಯನ್ನೇ ಸರಕಾರದ ಮುಂದೆ ಹಿಡಿದದ್ದು. ನಮ್ಮ ಪಠ್ಯಪುಸ್ತಕಗಳು ಇದಕ್ಕೆ ಇನ್ನಷ್ಟು ಜಾಗ ಕೊಡಬಹುದಿತ್ತು. ಆದರೂ ಆ ಕೂಟದ ಅಹವಾಲು ತೀರ್ವೆಯದು, ತೀರ್ವೆ ಕಟ್ಟುವವರದು. ಅವರ ಕೈಕೆಳಗೆ ಉಳುತ್ತಿದ್ದವರ ಗೇಣಿಯ ಮಾತು ಅಲ್ಲಿ ಮುಖ್ಯವಾಗಲಿಲ್ಲ.

19ನೇ ಶತಮಾನದ ಕೊನೆಗೆ ಜಿಲ್ಲೆಯ ಅಳತೆ ನಡೆದು, 20ನೇ ಶತಮಾನದ ಆರಂಭಕ್ಕೆ ಸೆಟ್ಲ್‌ಮೆಂಟ್ ಜಾರಿಗೆ ಬಂತು. ಗಡಿಕಲ್ಲು ನೆಟ್ಟರು, ಸರ್ವೆ ನಂಬರು ಬಂತು. ಆ ಪುಸ್ತಕದಲ್ಲಿ ಪಟ್ಟಾದಾರನ ಹೆಸರಿದ್ದುದಲ್ಲದೆ ಗದ್ದೆಯಲ್ಲಿ ಉಳುವವನ ಹೆಸರು ಸಾಮಾನ್ಯವಾಗಿ ಇರಲಿಲ್ಲ. ಉಳುವವರಲ್ಲಿ ಎರಡು ಬಗೆ. ಮೂಲಗೇಣಿಯವನದು ಶಾಶ್ವತವಾದ ಗೇಣಿ. ಅವನ ಕೈಯಲ್ಲಿ ಚೀಟು ಇರುತ್ತಿತ್ತು, ಗೇಣಿ ಏರುತ್ತಿರಲಿಲ್ಲ. ಚಾಲಗೇಣಿಯವನದು ವರ್ಷದ ಮಾತು. ಇಷ್ಟು ಮುಡಿ ಅಕ್ಕಿ ಎಂದು ಬಾಯಲ್ಲಿ ಒಪ್ಪಿಕೊಂಡು, ಅಳೆದು ಕೊಟ್ಟು, ಮರುವರ್ಷ ಧನಿಯ ಮನಸ್ಸು ಇದ್ದಂತೆ. ಅಪ್ಪ ಅಜ್ಜನ ಕಾಲದಿಂದ ಅದೇ ಗದ್ದೆಯಲ್ಲಿ ಬೆವರು ಸುರಿಸಿದವನ ಹತ್ತಿರವೂ ರಶೀದಿಯ ಒಂದು ತುಂಡು ಇರುತ್ತಿರಲಿಲ್ಲ. 1964ರ ಭೂಕಂದಾಯ ಕಾಯಿದೆಯ ಬಳಿಕ ಪಹಣಿಯಲ್ಲಿ ಉಳುಮೆದಾರನಿಗೂ ಒಂದು ಕಲಂ ಬಂತು. ಬಂದರೂ ಅದರಲ್ಲಿ ಹೆಸರು ಬರೆಸಲು ಧನಿಯ ಎದುರು ನಿಲ್ಲಬೇಕಾಗಿತ್ತು.

ದೇವರಾಜ ಅರಸು ಸರಕಾರ ಭೂಸುಧಾರಣಾ ಕಾಯಿದೆಗೆ ತಂದ ದೊಡ್ಡ ತಿದ್ದುಪಡಿ ಬಂದದ್ದು ಈ ಸ್ಥಿತಿಯಲ್ಲಿ. 1961ರ ಮೂಲ ಕಾಯಿದೆ 1965ರಿಂದ ಜಾರಿಯಲ್ಲಿದ್ದರೂ ಅದರಿಂದ ಗೇಣಿದಾರನಿಗೆ ಆದದ್ದು ಅಷ್ಟಕ್ಕಷ್ಟೆ. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರದ ವಶವಾಯಿತು. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕು ಕೇಳಬೇಕು. ಜನ ಅದನ್ನು ‘ಡಿಕ್ಲರೇಶನ್’ ಎಂದೇ ಕರೆದರು. ಮುದುಕರ ಬಾಯಲ್ಲಿ ಆ ಗದ್ದೆಗಳು ‘ಡಿಕ್ಲರೇಶನಿನಲ್ಲಿ ಬಂದದ್ದು’ ಅಥವಾ ‘ಡಿಕ್ಲರೇಶನಿನಲ್ಲಿ ಹೋದದ್ದು’. ಎರಡು ಮಾತಿನ ನಡುವೆ ಎಷ್ಟು ಮನೆಗಳ ಚರಿತ್ರೆಯಿದೆ ಯೋಚಿಸಿ. ಅರ್ಜಿಯ ಗಡುವು ಮತ್ತೆ ಮತ್ತೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಗೇಣಿ ದಟ್ಟವಾಗಿದ್ದ ದಕ್ಷಿಣ ಕನ್ನಡದ ಪಾಲು ಅದರಲ್ಲಿ ಬಹಳ ದೊಡ್ಡದು. ಅರಸು ಸಂಪುಟದಲ್ಲಿ ಭೂಸುಧಾರಣೆಯ ಹೊಣೆ ಹೊತ್ತ ಬಿ. ಸುಬ್ಬಯ್ಯ ಶೆಟ್ಟಿಯವರು ಇದೇ ಜಿಲ್ಲೆಯ ಸುರತ್ಕಲ್‌ನ ಶಾಸಕರಾಗಿದ್ದರು ಎಂಬುದೂ ನೆನಪಿಡಬೇಕಾದದ್ದು.

ಈ ಅರ್ಜಿಗಳನ್ನು ಸಿವಿಲ್ ಕೋರ್ಟಿಗೆ ಒಪ್ಪಿಸಲಿಲ್ಲ. ತಾಲೂಕಿಗೊಂದು ಭೂನ್ಯಾಯ ಮಂಡಳಿ, ಕೆಲಸ ಹೆಚ್ಚಾದಲ್ಲಿ ಒಂದಕ್ಕಿಂತ ಹೆಚ್ಚು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರಕಾರ ನೇಮಿಸಿದ ನಾಲ್ವರು ಸದಸ್ಯರು; ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಪ್ರವೇಶವಿಲ್ಲ. ಅಂದರೆ ಒಕ್ಕಲಿನವನೂ ಧನಿಯೂ ತಮ್ಮ ಮಾತನ್ನು ತಾವೇ ಹೇಳಬೇಕು. ಚೀಟಿಲ್ಲದ, ರಶೀದಿಯಿಲ್ಲದ ಗೇಣಿಯನ್ನು ಸಿದ್ಧಮಾಡುವುದು ಹೇಗೆ? ನೆರೆಕರೆಯವರನ್ನು ಕರೆದು. ಏಣಿಲಿಗೆ ಗದ್ದೆಗೆ ಕೋಣ ಇಳಿಸಿದವರು ಯಾರು, ನೇಜಿ ನೆಡಿಸಿದವರು ಯಾರು, ಅಕ್ಕಿಮುಡಿಯನ್ನು ಯಾರ ಅಂಗಳಕ್ಕೆ ಹೊತ್ತರು ಎಂಬುದು ಪಕ್ಕದ ಗದ್ದೆಯವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ನೋಡಿ, ಶಾಸನದ ಕಾಲದ ಚತುಸ್ಸೀಮೆಯ ಸಾಕ್ಷಿ ಮತ್ತೆ ಬಂತು. ವ್ಯತ್ಯಾಸ ಇಷ್ಟೇ: ಈ ಸಲ ಕೇಳುವ ಕುರ್ಚಿಯಲ್ಲಿ ಧನಿ ಇರಲಿಲ್ಲ. ಧನಿಯ ಅಂಗಳದಲ್ಲಿ ಮೆಟ್ಟಿಲ ಕೆಳಗೆ ನಿಂತು ಮಾತಾಡುತ್ತಿದ್ದವನು ತಾಲೂಕು ಕೇಂದ್ರದ ಒಂದು ಕೋಣೆಯಲ್ಲಿ ಧನಿಯ ಸರಿಸಮ ನಿಂತು ಮಾತಾಡಿದ. ನನ್ನ ಅಭಿಪ್ರಾಯದಲ್ಲಿ ಎಕರೆಗಳ ಲೆಕ್ಕಕ್ಕಿಂತ ಇದೇ ದೊಡ್ಡದು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಹೇಳಿದರೆ ಅದು ಚರಿತ್ರೆಯಾಗುವುದಿಲ್ಲ. ಮಂಡಳಿಯ ಸದಸ್ಯರು ರಾಜಕೀಯದ ಶಿಫಾರಸಿನಿಂದ ಬರಬಹುದಿತ್ತು. ಧನಿಯ ಹಂಗಿನಲ್ಲಿದ್ದ ನೆರೆಯವನು ಸಾಕ್ಷಿ ಹೇಳಲು ಹಿಂಜರಿಯಬಹುದಿತ್ತು, ಒಕ್ಕಲಿನ ಕಡೆಯ ಸಾಕ್ಷಿಯಲ್ಲೂ ಉತ್ಪ್ರೇಕ್ಷೆ ಇರಬಹುದಿತ್ತು. ಎರಡೂ ಕಡೆಯವರು ರಾಜಿಯಾದರೆಂಬ ಒಂದೇ ಕಾರಣಕ್ಕೆ ಆದೇಶ ಕೊಡುವಂತಿರಲಿಲ್ಲ. ಭೂಮಿ ಆಗಲೇ ಸರಕಾರದ್ದಾಗಿದ್ದರಿಂದ ವಿಚಾರಣೆ ನಡೆಯಲೇಬೇಕು. ಸಾಕ್ಷ್ಯವನ್ನು ಸರಿಯಾಗಿ ಬರೆದುಕೊಂಡಿಲ್ಲ, ಕಾರಣ ಕೊಟ್ಟಿಲ್ಲ ಎಂದು ಹೈಕೋರ್ಟು ಎಷ್ಟೋ ಪ್ರಕರಣಗಳನ್ನು ಹಿಂದಕ್ಕೆ ಕಳುಹಿಸಿತು. ಊರಿನ ನಾಲ್ವರಿಗೆ ಮಾತು ಕೇಳುವುದು ಗೊತ್ತಿತ್ತು, ಕೇಳಿದ್ದನ್ನು ಕಾನೂನಿನ ರೀತಿಯಲ್ಲಿ ಬರೆದಿಡುವ ಅಭ್ಯಾಸವಿರಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು, ಆದರೆ ವಕೀಲರನ್ನು ಹೊರಗಿಟ್ಟ ಉಪಕಲಮನ್ನು ರದ್ದು ಮಾಡಿತು. ನ್ಯಾಯದ ದೃಷ್ಟಿಯಿಂದ ಅದು ಸರಿಯೇ ಇರಬಹುದು, ಒಕ್ಕಲಿನವನ ಕಿಸೆಯ ದೃಷ್ಟಿಯಿಂದ ಸುಲಭವಾಗಲಿಲ್ಲ.

ಕಳೆದುಕೊಂಡವರ ಕಡೆಗೂ ತಿರುಗಬೇಕು. ಕರಾವಳಿಯ ಧನಿಗಳೆಲ್ಲ ದೊಡ್ಡ ಜಮೀನುದಾರರಲ್ಲ. ಒಂದೆರಡು ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ಬದುಕುತ್ತಿದ್ದ ವಿಧವೆಯರಿದ್ದರು, ಗೇಣಿಯ ಅಕ್ಕಿಯಿಂದ ನೈವೇದ್ಯ ನಡೆಸುತ್ತಿದ್ದ ಸಣ್ಣ ದೇವಸ್ಥಾನಗಳಿದ್ದವು. ದೇವಸ್ಥಾನಗಳಿಗೆ ಸರಕಾರ ತಸ್ತೀಕು ಗೊತ್ತುಪಡಿಸಿತು. ಕಾಲ ಕಳೆದಂತೆ ಆ ಹಣಕ್ಕೆ ಏನು ಬೆಲೆ ಉಳಿಯಿತೆಂದು ಅರ್ಚಕರನ್ನೇ ಕೇಳಬೇಕು.

ಇನ್ನು ಒಕ್ಕಲೇ ಆಗಿರದವರು. ಧನಿಯ ಗದ್ದೆಯಲ್ಲಿ ದಿನಗೂಲಿಗೆ ದುಡಿದವನು, ಮೂಲದಾಳಾಗಿ ಒಂದು ಮನೆಗೆ ಅಂಟಿಕೊಂಡಿದ್ದ ದಲಿತ ಕುಟುಂಬ, ಕೊರಗರ ಗುಡಿಸಲು — ಇವರಾರೂ ಗೇಣಿದಾರರಲ್ಲ. ಕೃಷಿ ಕೂಲಿಕಾರರಿಗೆ ಮನೆಯಡಿಯ ಜಾಗದ ಹಕ್ಕನ್ನು ಕಾಯಿದೆ ಕೊಟ್ಟಿತು. ಅವರು ದುಡಿದ ಗದ್ದೆ ಹೋದದ್ದು ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದ ಒಕ್ಕಲಿಗೆ.

ಹೆಂಗಸರ ಮಾತು ಬೇರೆಯೇ. ಅಳಿಯಸಂತಾನದ ಕಟ್ಟಿನಲ್ಲಿ ಸ್ವತ್ತು ತಾಯಿಯ ಕವರಿನಲ್ಲಿ ಇಳಿಯುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಳೆಯ ಕಟ್ಟನ್ನು ಮತ್ತಷ್ಟು ಸಡಿಲಿಸಿತು. ಆದರೆ ಡಿಕ್ಲರೇಶನ್ ಬರೆದದ್ದು ಹೆಚ್ಚಾಗಿ ಕಚೇರಿಗೆ ಹೋಗಿಬರುವ ಗಂಡಸಿನ ಹೆಸರಲ್ಲಿ. ಇಡೀ ಕುಟುಂಬ ಕೂಡಿ ಉತ್ತ ಗದ್ದೆ ಒಬ್ಬ ಅಣ್ಣನ ಅಥವಾ ಮಾವನ ಹೆಸರಿಗೆ ಮಂಜೂರಾಯಿತು. ಹಕ್ಕು ಕುಟುಂಬದ್ದೋ ಅವನೊಬ್ಬನದೋ? ಈ ಪ್ರಶ್ನೆ ಹಿಡಿದು ತಂಗಿಯರೂ ತಮ್ಮಂದಿರೂ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿದ ದಾವೆಗಳು ಜಿಲ್ಲೆಯಲ್ಲಿ ಹೇರಳ. ಮಂಡಳಿ ಧನಿ-ಒಕ್ಕಲಿನ ವ್ಯಾಜ್ಯವನ್ನು ತೀರಿಸಿತು. ಒಕ್ಕಲಿನ ಮನೆಯೊಳಗಿನ ವ್ಯಾಜ್ಯ ಅದರಿಂದಲೇ ಹುಟ್ಟಿತು.

ಗಡಿಯಾಚೆಯ ಕಾಸರಗೋಡನ್ನೂ ಒಮ್ಮೆ ನೋಡಿ. 1956ರವರೆಗೆ ಅದೂ ಇದೇ ಜಿಲ್ಲೆ, ಅದೇ ವರ್ಗ, ಅದೇ ಗೇಣಿ. ಕೇರಳಕ್ಕೆ ಸೇರಿದ ಆ ಭಾಗದ ಒಕ್ಕಲಿಗೆ 1970ರ ಜನವರಿ 1ರಿಂದಲೇ ಹಕ್ಕು ಬಂತು. ಒಂದೇ ಮನೆತನದ ಎರಡು ಕವಲುಗಳಿಗೆ ಎರಡು ಕಾನೂನು, ನಡುವೆ ನಾಲ್ಕು ವರ್ಷ.

ವರ್ಗದ ಗದ್ದೆಗೆ ತಾಗಿ ಸುಮಾರು ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರುವ ‘ಕುಮ್ಕಿ’ಯ ಸವಲತ್ತು ಯಾರಿಗೆ ಸೇರಬೇಕೆಂಬ ವಾದ ಮಾತ್ರ ಮಂಡಳಿಗಳ ಕೆಲಸ ಮುಗಿದ ಮೇಲೂ ಮುಗಿಯಲಿಲ್ಲ. ಬಳಿಕ ಬಂದ ಅಕ್ರಮ-ಸಕ್ರಮ ಬೈಠಕ್‌ಗಳಲ್ಲೂ ಶಾಸಕರ ಮುಂದೆ ಆ ವಾದ ನಡೆದೇ ನಡೆಯಿತು.

ಈಗ ಪಹಣಿ ಕಂಪ್ಯೂಟರಿನಲ್ಲಿದೆ. ಆದರೂ ಗಡಿಯ ತಕರಾರು ಬಂದಾಗ ಸರ್ವೆಯರ್ ಮೊದಲು ಮಾಡುವ ಕೆಲಸ ನೆರೆಯ ಹಿಡುವಳಿದಾರರಿಗೆಲ್ಲ ನೋಟೀಸು ಕೊಡುವುದು. ಅವರು ಬಂದು, ಹೂತುಹೋದ ಕಲ್ಲು ಎಲ್ಲಿತ್ತೆಂದು ತೋರಿಸಿ, ಮಹಜರಿಗೆ ಸಹಿ ಹಾಕಬೇಕು. ಕರಾವಳಿಯ ಅನೇಕ ಬಯಲುಗಳು ಇಂದು ಹಡಿಲು ಬಿದ್ದಿವೆ, ಪುಣಿಗಳ ಮೇಲೆ ಹುಲ್ಲು ಬೆಳೆದಿದೆ. ನಾಲ್ಕು ನೋಟೀಸುಗಳಲ್ಲಿ ಎರಡು ಮುಂಬಯಿಯ ವಿಳಾಸಕ್ಕೆ, ಒಂದು ದುಬಾಯಿಗೆ ಹೋಗಬೇಕಾಗುತ್ತದೆ. ನಿಮ್ಮ ಊರಿನಲ್ಲಿ ಆ ಕಲ್ಲಿನ ಜಾಗ ಬಲ್ಲ ಹಿರಿಯರು ಇನ್ನೂ ಇದ್ದರೆ, ಈ ಮಳೆಗಾಲಕ್ಕೆ ಮೊದಲೇ ಅವರ ಜೊತೆ ಒಮ್ಮೆ ಪುಣಿಯ ಮೇಲೆ ನಡೆದು ಬನ್ನಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ.