ಚಾಂಪಿಯನ್ ರೀಫ್ಸ್‌ನ ಹೆಡ್‌ಗೇರ್‌ಗಳು: ಆಳಕ್ಕಾಗಿ ಎದ್ದ ಎತ್ತರ

ಎತ್ತರದ ಕಟ್ಟಡಗಳ ಇತಿಹಾಸವನ್ನು ಮಹಡಿ ಎಣಿಸಿ ಬರೆಯುವುದು ರೂಢಿ. ಆ ಲೆಕ್ಕ ಹಿಡಿದರೆ ಕೋಲಾರ ಗೋಲ್ಡ್ ಫೀಲ್ಡ್ಸ್ (ಕೆ.ಜಿ.ಎಫ್.)ನ ಚಾಂಪಿಯನ್ ರೀಫ್ಸ್‌ಗೆ ಅದರಲ್ಲಿ ಜಾಗವೇ ಸಿಗದು. ಕಾರ್ಮಿಕರ ಲೈನ್ ಮನೆಗಳೂ ಅಧಿಕಾರಿಗಳ ಬಂಗಲೆಗಳೂ ತಗ್ಗಾಗಿಯೇ ಉಳಿದ ಊರು ಅದು. ಅಲ್ಲಿ ತಲೆಯೆತ್ತಿದ್ದು ಗಣಿಬಾವಿಗಳ, ಅಂದರೆ ಶಾಫ್ಟ್‌ಗಳ ಮೇಲಿನ ಉಕ್ಕಿನ ಗೋಪುರಗಳಾದ ಹೆಡ್‌ಗೇರ್‌ಗಳು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಚಿನ್ನದ ಗಣಿಗಾರಿಕೆಗೆ ಇಳಿಯಿತು. ಅದಿರಿನ ಎಳೆಯನ್ನು ಹಿಂಬಾಲಿಸುತ್ತ ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳ ಮುಟ್ಟಿತು. ಗಿಫರ್ಡ್ ಶಾಫ್ಟ್ ಒಂದೇ ನೇರದಲ್ಲಿ ಸುಮಾರು 2,000 ಮೀಟರ್ ಇಳಿಯುತ್ತದೆ. ವೈಂಡಿಂಗ್ ಎಂಜಿನ್‌ನ ಡ್ರಮ್‌ನಿಂದ ಹೊರಟ ಉಕ್ಕಿನ ಹಗ್ಗ ಹೆಡ್‌ಗೇರ್ ತುದಿಯ ಗಾಲಿಯನ್ನು ಬಳಸಿ ಬಾವಿಗಿಳಿಯುತ್ತದೆ. ಆ ಹಗ್ಗದ ಎಳೆತ ತಡೆಯಲೆಂದೇ ಹೆಡ್‌ಗೇರ್‌ನ ಹಿಂಗಾಲುಗಳು ಎಂಜಿನ್ ಮನೆಯತ್ತ ಓರೆಯಾಗಿ ಚಾಚಿರುತ್ತವೆ. ಚಾಲಕನ ಕೈ ಒಂದು ಕ್ಷಣ ತಪ್ಪಿ, ಜನರನ್ನು ಏರಿಳಿಸುವ ಕೇಜ್ ಮಿತಿ ಮೀರಿ ಮೇಲೆ ಬಂದರೂ ಗಾಲಿಗೆ ಬಡಿಯಬಾರದು. ಅದಕ್ಕಾಗಿ ಮೇಲೆ ಖಾಲಿ ಜಾಗ ಬಿಡಬೇಕು. ಹೀಗೆ ಇಲ್ಲಿನ ಎತ್ತರದಲ್ಲಿ ಒಂದು ಪಾಲು ಕೇಜ್‌ನೊಳಗೆ ನಿಂತವರ ಜೀವರಕ್ಷಣೆಗೆ ಮೀಸಲು. 1902ರಲ್ಲಿ ಶಿವನಸಮುದ್ರದಿಂದ ಗಣಿಗಳಿಗೆ ಬಂದ ವಿದ್ಯುತ್ತಿನ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಈ ಗೋಪುರಗಳ ಕಡೆಗೆ ಅಷ್ಟು ಗಮನ ಹರಿದಿಲ್ಲ.

ಡೆನ್ಮಾರ್ಕ್‌ನ ಉದಾಹರಣೆ ಎತ್ತರದ ಅರ್ಥ ಎಲ್ಲೆಡೆ ಒಂದೇ ಅಲ್ಲವೆಂದು ತಿಳಿಯಲು ನೆರವಾಗುತ್ತದೆ. ಆ ಪುಟ್ಟ ದೇಶದ ಅತಿ ಎತ್ತರದ ಸಹಜ ದಿಬ್ಬ ಮೊಲೆಹೊಯ್ ಸಮುದ್ರಮಟ್ಟದಿಂದ 171 ಮೀಟರ್ ಮಾತ್ರ. 1905ರಲ್ಲಿ ಮುಗಿದ ಕೋಪನ್‌ಹೇಗನ್ ಪುರಭವನದ ಗೋಪುರ 105 ಮೀಟರ್ ದಾಟುತ್ತದೆ. 1960ರಲ್ಲಿ ಆರ್ನೆ ಯಾಕೋಬ್ಸನ್ ವಿನ್ಯಾಸದ ಹೋಟೆಲ್ ಸುಮಾರು 70 ಮೀಟರ್ ಎದ್ದಾಗ ನಗರದ ಚರ್ಚ್ ಶಿಖರಗಳ ನಡುವೆ ಅದು ಹೊಸ ನೋಟ. ಅಲ್ಲಿನವರಿಗೆ ಎತ್ತರ ಎನ್ನುವುದು ನಗರದ ಚಹರೆಯ ಪ್ರಶ್ನೆ. ಚಾಂಪಿಯನ್ ರೀಫ್ಸ್‌ನಲ್ಲಿ ಅದು ದುಡಿಮೆಯ ಪ್ರಶ್ನೆ. ಒಂದರ ವಾಸ್ತುವಿಗೆ ಗ್ರಂಥಗಳಿವೆ, ಇನ್ನೊಂದು ಗುಜರಿ ಕಬ್ಬಿಣದ ಲೆಕ್ಕಕ್ಕೆ ಸೇರಿದೆ. ಈ ತಾರತಮ್ಯ ನ್ಯಾಯವಲ್ಲ.

ಕೆಳಗಿನ ಆಳವು ಮೇಲಿನ ಊರನ್ನು ಸುಮ್ಮನೆ ಬಿಡಲಿಲ್ಲ. ಬಂಡೆಗಳು ಒತ್ತಡಕ್ಕೆ ಸಿಡಿಯುವ ರಾಕ್‌ಬರ್ಸ್ಟ್‌ಗಳು ಗಣಿಯಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡವು. ದೊಡ್ಡವು ನೆಲದ ಮೇಲಿನ ಮನೆಗಳನ್ನೂ ನಡುಗಿಸಿದವು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೆ.ಜಿ.ಎಫ್.ನಲ್ಲೇ ಆರಂಭವಾದದ್ದರ ಹಿಂದೆ ಈ ಅನುಭವವಿದೆ. ಅದೇ ಆಳದಿಂದ ವಿಜ್ಞಾನಕ್ಕೆ ಲಾಭವೂ ಆಯಿತು. 1965ರಲ್ಲಿ ಹೀತ್‌ಕೋಟ್ ಶಾಫ್ಟ್ ಬಳಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದರು. ಅವರ ಉಪಕರಣಗಳು ಇಳಿದದ್ದೂ ಗಣಿಯ ಕೇಜ್‌ಗಳಲ್ಲೇ.

ಊರಿನ ಇನ್ನೊಂದು ಎತ್ತರ ಸೈನೈಡ್ ದಿಬ್ಬಗಳದು: ಅರೆದು ಚಿನ್ನ ತೆಗೆದ ಅದಿರಿನ ಪುಡಿ. ಹೆಡ್‌ಗೇರ್ ಮೂಲಕ ಮೇಲೆ ಬಂದ ಕಲ್ಲೇ ಅಲ್ಲಿ ಗುಡ್ಡವಾಗಿ ಬಿದ್ದಿದೆ. ಎರಡನ್ನೂ ಒಟ್ಟಿಗೆ ಅಧ್ಯಯನ ಮಾಡದೆ ಈ ಊರಿನ ಚರಿತ್ರೆ ಪೂರ್ಣವಾಗದು.

ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಅವನ್ನು ಮುಚ್ಚಿತು. ಉಳಿದಿರುವ ಪ್ರತಿ ಹೆಡ್‌ಗೇರ್‌ನ ಅಳತೆ, ನಕ್ಷೆ, ಛಾಯಾಚಿತ್ರಗಳು ದಾಖಲಾಗಬೇಕು. ಆ ಗೋಪುರಗಳನ್ನು ನಡೆಸಿದವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ಪುರಾತತ್ವ ಇಲಾಖೆಯೂ ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳೂ ಕೇಜ್ ಓಡಿಸಿದ ತಲೆಮಾರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಕೈಗೆತ್ತಿಕೊಳ್ಳಲಿ.