ಮಠದ ಬಿಯರಿಗೆ ಮಸಾಲೆಯ ಘಮ

ಬಾಸ್ಟನ್ನಿನಲ್ಲಿ ಕೆಲಸದಲ್ಲಿರುವ ಗೆಳೆಯನೊಬ್ಬ ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಸ್ವೆಟರಿನೊಳಗೆ ಸುತ್ತಿ ಒಂದು ಬಾಟಲಿ ತಂದಿದ್ದ. ಕೆಲವು ವರ್ಷಗಳ ಹಿಂದೆ ಕೊಂಡು ಜೋಪಾನವಾಗಿ ಎತ್ತಿಟ್ಟಿದ್ದನಂತೆ. ಕ್ರಿಸ್‌ಮಸ್ ಹಬ್ಬಕ್ಕೆಂದೇ ತಯಾರಾದ ಬಿಯರ್. ನಾವು ನಾಲ್ವರು, ನಾಲ್ಕು ಗಾಜಿನ ಲೋಟ. ಲೋಟಕ್ಕೆ ಬಗ್ಗಿಸಿದಾಗ ಕಂಡದ್ದು ನಮಗೆ ಗೊತ್ತಿರುವ ಬಿಯರಿನ ಹಳದಿಯಲ್ಲ, ಬೆಲ್ಲದ ಪಾಕದಂಥ ಕಂದುಗೆಂಪು.

ಲೋಟವನ್ನು ಮೂಗಿಗೆ ಹಿಡಿದ ಒಬ್ಬ, ‘ಇದೇನೋ, ನಮ್ಮಜ್ಜಿ ಕಷಾಯದ ವಾಸನೆ!’ ಎಂದ. ಚಕ್ಕೆಯಂತೆ, ಶುಂಠಿಯಂತೆ ಏನೋ ಘಮ. ಇನ್ನೊಬ್ಬ ಬಾಟಲಿಯ ಚೀಟಿ ಓದಿ ಹುಬ್ಬೇರಿಸಿದ. ‘ಮಾಡಿದವರು ಸಂನ್ಯಾಸಿಗಳಂತೆ ಕಣ್ರೋ!’

ತಂದವನು ಹೇಳಿದ್ದು ಒಂದೇ ಮಾತು. ‘ನಿಧಾನ ಕುಡೀರಿ. ಇನ್ನು ಇದು ಸಿಗೋದಿಲ್ಲ. ಆ ಮಠದವರು ಮಾಡೋದನ್ನೇ ನಿಲ್ಲಿಸಿಬಿಟ್ಟರು.’

ಮಠಕ್ಕೂ ಬಿಯರಿಗೂ ಎಲ್ಲಿಯ ನಂಟು? ಮದ್ಯವೆಂದರೆ ಮೈಲಿಗೆ ಎಂದೇ ಕೇಳಿ ಬೆಳೆದ ನಮಗೆ ಈ ಪ್ರಶ್ನೆ ಸಹಜ. ಉತ್ತರಕ್ಕಾಗಿ ಸುಮಾರು ಒಂದೂವರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ದುಡಿದು ಉಣ್ಣುವ ನಿಯಮ

ಕ್ರಿ.ಶ. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಮಠವಾಸಿಗಳಿಗಾಗಿ ಒಂದು ನಿಯಮಾವಳಿ ಬರೆದ. ಪ್ರಾರ್ಥನೆಯಷ್ಟೇ ಸಾಲದು, ತಮ್ಮ ಕೈಯ ದುಡಿಮೆಯಿಂದ ಬದುಕಿದಾಗಲೇ ಅವರು ನಿಜವಾದ ಸಂನ್ಯಾಸಿಗಳು ಎಂಬುದು ಅದರ 48ನೇ ಅಧ್ಯಾಯದ ಸಾರ. 12ನೇ ಶತಮಾನದ ಶರಣರ ಕಾಯಕ, ದಾಸೋಹಗಳನ್ನು ಬಲ್ಲ ಕನ್ನಡಿಗರಿಗೆ ಈ ವಿಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ನಿಯಮಾವಳಿ ದಿನಕ್ಕೆ ಒಂದು ಸಣ್ಣ ಅಳತೆಯ ದ್ರಾಕ್ಷಾರಸಕ್ಕೂ ಅನುಮತಿ ಕೊಡುತ್ತದೆ. ಆದರೆ ಯುರೋಪಿನ ಉತ್ತರಕ್ಕೆ ಹೋದಂತೆ ದ್ರಾಕ್ಷಿ ಕಡಿಮೆ, ಬಾರ್ಲಿ ಹೆಚ್ಚು. ಹಾಗಾಗಿ ಅಲ್ಲಿ ದ್ರಾಕ್ಷಾರಸದ ಜಾಗಕ್ಕೆ ಬಿಯರ್ ಬಂತು.

ಕುಡಿದು ಮೈಮರೆಯಲು ಇದ್ದದ್ದಲ್ಲ ಅದು. ರೊಟ್ಟಿಯಂತೆಯೇ ದಿನನಿತ್ಯದ ಆಹಾರ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್‌ನಲ್ಲಿ 9ನೇ ಶತಮಾನದ ಒಂದು ಆದರ್ಶ ಮಠದ ನಕ್ಷೆ ಇಂದಿಗೂ ಉಳಿದಿದೆ. ಅದರಲ್ಲಿ ಬಿಯರ್ ತಯಾರಿಸುವ ಮನೆಗಳು ಒಂದಲ್ಲ, ಮೂರು: ಸಂನ್ಯಾಸಿಗಳಿಗೆ ಒಂದು, ಗಣ್ಯ ಅತಿಥಿಗಳಿಗೆ ಒಂದು, ಯಾತ್ರಿಕರಿಗೆ ಮತ್ತು ಬಡವರಿಗೆ ಇನ್ನೊಂದು.

ಮಸಾಲೆ ಬಂದದ್ದು ಹೇಗೆ?

ಬಿಯರ್ ಮಾಡುವ ಕ್ರಮ ನಮಗೆ ತೀರ ಅಪರಿಚಿತವೇನಲ್ಲ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ ಹುರಿಯುವಂತೆ ಅಲ್ಲಿ ಬಾರ್ಲಿಗೆ ಮೊಳಕೆ ಬರಿಸಿ ಒಣಗಿಸುತ್ತಾರೆ. ಇದೇ ಮಾಲ್ಟ್. ಹೆಚ್ಚು ಹುರಿದಷ್ಟೂ ಬಣ್ಣ ಗಾಢ. ಅದನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿರಸ ತೆಗೆದು ಕುದಿಸಿ, ತಣಿದ ಮೇಲೆ ಯೀಸ್ಟ್ ಬೆರೆಸಿ ಹುಳಿಯಲು ಬಿಡುತ್ತಾರೆ.

ಆ ಸಿಹಿಯನ್ನು ಸರಿದೂಗಿಸಲು ಕಹಿ ಬೇಕು. ಇಂದು ಆ ಕೆಲಸ ಮಾಡುವುದು ಹಾಪ್ಸ್ ಎಂಬ ಬಳ್ಳಿಯ ಹೂ. ಅದು ಬಳಕೆಗೆ ಬರುವ ಮುಂಚೆ ‘ಗ್ರೂಟ್’ ಎಂಬ ಕಾಡುಗಿಡಮೂಲಿಕೆಗಳ ಮಿಶ್ರಣ ಹಾಕುತ್ತಿದ್ದರು. ಹಾಪ್ಸ್ ಹಾಕಿದರೆ ಪಾನೀಯ ಬೇಗ ಕೆಡುವುದಿಲ್ಲ ಎಂದು 12ನೇ ಶತಮಾನದಲ್ಲೇ ಬರೆದಿಟ್ಟವಳೂ ಮಠದವಳೇ, ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್. 1516ರಲ್ಲಿ ಬವೇರಿಯಾದ ದೊರೆಗಳು ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬಿಯರಿಗೆ ಬೇರೇನೂ ಹಾಕಕೂಡದೆಂದು ಕಟ್ಟಳೆ ಮಾಡಿದರು. ಇಂದಿನ ಬೆಲ್ಜಿಯಂ ಇರುವ ಸೀಮೆಗೆ ಈ ಕಟ್ಟಳೆ ತಟ್ಟಲಿಲ್ಲ. ಕೊತ್ತಂಬರಿ ಬೀಜ, ಒಣಗಿಸಿದ ಕಿತ್ತಳೆ ಸಿಪ್ಪೆ ಹಾಕಿದ ಬಿಯರ್ ಅಲ್ಲಿ ಇಂದಿಗೂ ಮನೆಮಾತು.

ಮೆಣಸು, ಶುಂಠಿ, ಏಲಕ್ಕಿಗಳ ಮಾತು ಬೇರೆ. ಅವು ನಮ್ಮ ಪಶ್ಚಿಮ ಕರಾವಳಿಯಿಂದ ಹಡಗೇರಿ ಹೋಗಬೇಕಿತ್ತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಸುಮ್ಮನೆ ಅಲ್ಲ. ಅಷ್ಟು ದೂರದಿಂದ ಬಂದ ಸಾಮಗ್ರಿ ದುಬಾರಿ. ದುಬಾರಿಯಾದದ್ದು ಹಬ್ಬಕ್ಕೆ ಮೀಸಲು. ಯುರೋಪಿನಲ್ಲಿ ಮಸಾಲೆಯ ಪರಿಮಳ ಕ್ರಿಸ್‌ಮಸ್ಸಿನ ಪರಿಮಳವಾಗಿ ಉಳಿದಿರುವುದರ ಹಿಂದೆ ಈ ಲೆಕ್ಕಾಚಾರವೂ ಇದೆ.

ಆದರೆ ಮಠದ ಬಿಯರುಗಳಿಗೆಲ್ಲ ಮಸಾಲೆ ಬೀಳುತ್ತದೆಂದು ತಿಳಿಯಬೇಡಿ. ಎಷ್ಟೋ ಸಲ ಲವಂಗದಂಥ ವಾಸನೆಗೆ ಕಾರಣ ಯೀಸ್ಟ್ ಮಾತ್ರ. ಹಬ್ಬದ ಬಿಯರಿನ ಇನ್ನೊಂದು ಗುಣ ಅದರ ಗಟ್ಟಿತನ. ಬೆಲ್ಜಿಯಂನ ಸ್ಕೂರ್ಮೋ ಮಠದವರು 1948ರಲ್ಲಿ ಕ್ರಿಸ್‌ಮಸ್ಸಿಗೆಂದು ಮಾಡಿದ ಗಾಢ ಬಣ್ಣದ ಬಿಯರ್ ಜನರಿಗೆ ಎಷ್ಟು ಹಿಡಿಸಿತೆಂದರೆ, ಅದು ಮುಂದೆ ವರ್ಷವಿಡೀ ಸಿಗತೊಡಗಿತು. ‘ಶಿಮೇ ನೀಲಿ’ ಎಂದು ಜಗತ್ತು ಕರೆಯುವುದು ಅದನ್ನೇ. ಅದರಲ್ಲಿ ಮದ್ಯಸಾರ ಶೇ. 9. ಸಾಮಾನ್ಯ ಬಿಯರಿನಲ್ಲಿ ಇರುವುದು ಶೇ. 5ರ ಆಸುಪಾಸು. ಆದ್ದರಿಂದಲೇ ಇಂಥದನ್ನು ಒಂದು ಬಾಟಲಿ ತೆರೆದು ನಾಲ್ವರು ಹಂಚಿಕೊಳ್ಳುವುದು ವಾಡಿಕೆ. ಮಂಜುಗಡ್ಡೆಯಷ್ಟು ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ.

ಆರು ಮೂಲೆಯ ಮುದ್ರೆ

ಈ ಬಿಯರ್ ಮಾಡುವವರಲ್ಲಿ ಹೆಸರುವಾಸಿಯಾದವರು ಟ್ರಾಪಿಸ್ಟರು. ಫ್ರಾನ್ಸಿನ ನಾರ್ಮಂಡಿಯ ಲಾ ಟ್ರಾಪ್ ಮಠದಲ್ಲಿ 1664ರಲ್ಲಿ ಆದ ಕಟ್ಟುನಿಟ್ಟಿನ ಸುಧಾರಣೆಯಿಂದ ಈ ಹೆಸರು ಬಂತು. ಫ್ರೆಂಚ್ ಕ್ರಾಂತಿ ಮಠಗಳನ್ನು ಮುಚ್ಚಿಸಿದಾಗ ಅವರು ಚದುರಿದರು. ಬೆಲ್ಜಿಯಂನ ವೆಸ್ಟ್‌ಮಾಲೆಯಲ್ಲಿ ನೆಲೆ ನಿಂತವರು 1836ರಲ್ಲಿ ತಮ್ಮ ಊಟಕ್ಕೆಂದು ಬಿಯರ್ ಮಾಡತೊಡಗಿದರು.

ಕಾಲಕ್ರಮದಲ್ಲಿ ಹೆಸರಿಗೆ ಬೆಲೆ ಬಂತು. ಸಂನ್ಯಾಸಿಯ ಚಿತ್ರ ಅಂಟಿಸಿ ಯಾರು ಯಾರೋ ಮಾರತೊಡಗಿದರು. ಆಗ 1997ರಲ್ಲಿ ಮಠಗಳು ಸೇರಿ ಅಂತರರಾಷ್ಟ್ರೀಯ ಟ್ರಾಪಿಸ್ಟ್ ಸಂಘ ಕಟ್ಟಿ, ಆರು ಮೂಲೆಯ ಮುದ್ರೆಯೊಂದನ್ನು ಜಾರಿಗೆ ತಂದವು. ಷರತ್ತು ಮೂರು: ತಯಾರಿಕೆ ಮಠದ ಆವರಣದಲ್ಲೇ ನಡೆಯಬೇಕು, ಸಂನ್ಯಾಸಿಗಳ ಉಸ್ತುವಾರಿ ಇರಬೇಕು, ಆದಾಯ ಮಠದ ನಿರ್ವಹಣೆಗೂ ದಾನಧರ್ಮಕ್ಕೂ ಹೋಗಬೇಕು.

ಈ ಷರತ್ತುಗಳು ಬರೀ ಕಾಗದದ ಮೇಲಿಲ್ಲ. ಹಾಲೆಂಡಿನ ಲಾ ಟ್ರಾಪ್ ಬಿಯರ್ ದೊಡ್ಡ ಕಂಪನಿಯೊಂದರ ಜೊತೆ ಕೈಜೋಡಿಸಿದಾಗ 1999ರಲ್ಲಿ ಮುದ್ರೆ ಕಳೆದುಕೊಂಡಿತು. ಮತ್ತೆ ದೊರೆತದ್ದು 2005ರಲ್ಲಿ. ಬೆಲ್ಜಿಯಂನ ಆಖೆಲ್ ಮಠದ ಕಥೆ ಇನ್ನೂ ನೋವಿನದು. ಅಲ್ಲಿ ವಾಸಿಸುವ ಸಂನ್ಯಾಸಿಗಳೇ ಇಲ್ಲದಂತಾಗಿ 2021ರಲ್ಲಿ ಮುದ್ರೆ ಹೋಯಿತು. ಹಂಡೆ, ನೀರು, ಕೈಹದ ಎಲ್ಲ ಇದ್ದೂ ಸಂನ್ಯಾಸಿಯೇ ಇಲ್ಲದ ಮೇಲೆ ಅದು ಟ್ರಾಪಿಸ್ಟ್ ಬಿಯರ್ ಆಗುವುದು ಹೇಗೆ?

ನಮ್ಮ ಗೆಳೆಯ ತಂದ ಬಾಟಲಿಯ ಮೇಲೂ ಇದೇ ಮುದ್ರೆಯಿತ್ತು. ಅದು ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಸ್ಪೆನ್ಸರ್ ಊರಿನ ಸೇಂಟ್ ಜೋಸೆಫ್ ಮಠದ್ದು. ರೋಡ್ ಐಲೆಂಡಿನಲ್ಲಿದ್ದ ಅವರ ಮಠ 1950ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಅಲ್ಲಿಗೆ ಬಂದವರು, ಹಣ್ಣಿನ ಜಾಮ್ ಮಾಡಿ ಮಾರಿ ಹೆಸರು ಗಳಿಸಿದ್ದರು. ಹಳೆಯ ಕಟ್ಟಡಗಳ ಖರ್ಚು, ವಯಸ್ಸಾದ ಸಂನ್ಯಾಸಿಗಳ ಆರೈಕೆ ಎದುರಿಗಿದ್ದಾಗ ಬೆಲ್ಜಿಯಂನ ಸೋದರ ಮಠಗಳಿಂದ ವಿದ್ಯೆ ಕಲಿತು, 2013ರಲ್ಲಿ ಬಿಯರಿಗೆ ಕೈಹಾಕಿದರು. ಯುರೋಪಿನ ಆಚೆಗೆ ಟ್ರಾಪಿಸ್ಟ್ ಮುದ್ರೆ ಪಡೆದ ಮೊದಲ ಬಿಯರ್ ಅದು. ಆದರೆ 2022ರ ಮೇ ತಿಂಗಳಲ್ಲಿ, ವರ್ಷಕ್ಕೂ ಮಿಕ್ಕಿ ಯೋಚಿಸಿದ ಬಳಿಕ, ಈ ಉದ್ಯಮ ತಮಗೆ ಕೈಗೂಡುವುದಿಲ್ಲವೆಂದು ಸಾರಿ ಹಂಡೆ ಇಳಿಸಿಬಿಟ್ಟರು.

ವ್ಯಾಪಾರದ ಕಣ್ಣಿಗೆ ಇದು ಸೋಲು. ಮಠದ ಲೆಕ್ಕ ಬೇರೆ. ಬೆಲ್ಜಿಯಂನ ವೆಸ್ಟ್‌ವ್ಲೆಟೆರೆನ್ ಮಠದ ಬಿಯರ್ 2005ರಲ್ಲಿ ಜಗತ್ತಿನಲ್ಲೇ ಶ್ರೇಷ್ಠವೆಂದು ಹೆಸರಾಗಿ, ಜನ ಮಠದ ಬಾಗಿಲಿಗೆ ಮುಗಿಬಿದ್ದಾಗಲೂ ಅವರು ತಯಾರಿಕೆ ಹೆಚ್ಚಿಸಲಿಲ್ಲ. ದುಡಿಮೆ ಇರುವುದು ಮಠಕ್ಕಾಗಿ. ಅದು ಮಠವನ್ನೇ ನುಂಗುವಂತಾದರೆ, ಇಲ್ಲವೇ ಮಠಕ್ಕೆ ಹೊರೆಯಾದರೆ, ಬಿಡುವುದೂ ನಿಯಮಪಾಲನೆಯೇ.

ಇದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಶಿಮೇ ಬಿಯರಿನ ಅದೇ ಸ್ಕೂರ್ಮೋ ಮಠದಿಂದ ಭಾರತಕ್ಕೆ ಬಂದ ಫ್ರಾನ್ಸಿಸ್ ಮಾಹ್ಯೂ ಎಂಬ ಸಂನ್ಯಾಸಿ, 1958ರಲ್ಲಿ ಬೀಡ್ ಗ್ರಿಫಿತ್ಸ್ ಜೊತೆಗೂಡಿ ಕೇರಳದ ವಾಗಮಣ್ ಬೆಟ್ಟದಲ್ಲಿ ಕುರಿಶುಮಲ ಆಶ್ರಮ ಕಟ್ಟಿದರು. 1998ರಲ್ಲಿ ಅದು ಟ್ರಾಪಿಸ್ಟ್ ಪರಂಪರೆಗೇ ಸೇರಿತು. ಅಲ್ಲಿ ಆಶ್ರಮದವರು ಜೀವನೋಪಾಯಕ್ಕೆ ಬಿಯರ್ ಮಾಡಲಿಲ್ಲ. ಹಸು ಸಾಕಿದರು, ಹಾಲು ಕರೆದರು. ನಿಯಮ ಒಂದೇ, ಊರಿಗೆ ತಕ್ಕ ದುಡಿಮೆ ಬೇರೆ.

ಬಾಟಲಿ ಬರಿದಾಗುವ ಹೊತ್ತಿಗೆ ತಳದಲ್ಲಿ ಯೀಸ್ಟಿನ ಗಸಿ ಉಳಿದಿತ್ತು. ಚೆಲ್ಲಲು ಹೊರಟವನನ್ನು ಗೆಳೆಯ ತಡೆದ. ಅದನ್ನೂ ನಾಲ್ಕು ಲೋಟಕ್ಕೆ ಸಮನಾಗಿ ಹಂಚಿದ. ‘ಕಷಾಯ’ ಎಂದು ನಕ್ಕವನೇ ಕೊನೆಗೆ ಲೋಟ ಕೆಳಗಿಟ್ಟವನು.